ಚಾಪೆಯ ಪಕ್ಕ ಕೂರುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಕೃಪಾ,

ಈ ಶನಿವಾರದಿಂದ ನಮ್ಮ ಚರ್ಚಿನ ಸಭೆಯ ಯುವಜನರ ಜೊತೆ, ಮನೆಯಿಲ್ಲದವರು ರಾತ್ರಿ ತಂಗುವ ಶೆಲ್ಟರಿಗೆ ಪ್ರಾರ್ಥನೆಗೆ ಹೋಗುತ್ತೇನೆ ಎಂದೆಯಲ್ಲ, ಕೇಳಿ ಸಂತೋಷವಾಯಿತು. ಫೋನಿನಲ್ಲಿ ಹೇಳಲು ಹೊರಟರೆ ಎರಡನೇ ಮಾತಿಗೇ ‘ಗೊತ್ತಮ್ಮ’ ಅಂತೀಯ. ಕಾಗದಕ್ಕೆ ಹಾಗನ್ನಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅನ್ನಕ್ಕೂ ಪ್ರಾರ್ಥನೆಗೂ ಗಂಟು ಹಾಕಬೇಡಿ. ಮಿಕ್ಕಿದ್ದೆಲ್ಲ ಈ ಮಾತಿನ ಬಾಲ. ತಟ್ಟೆ ಕಣ್ಣೆದುರಿಗಿದ್ದರೆ ಹಸಿದವರು ಯಾವುದಕ್ಕೆ ಬೇಕಾದರೂ ಆಮೆನ್ ಅನ್ನುತ್ತಾರೆ, ಆ ಆಮೆನ್ ಅನ್ನಕ್ಕೆ ಸೇರಿದ್ದು. ಬುಧವಾರ ಊಟ, ಶನಿವಾರ ಪ್ರಾರ್ಥನೆ ಅಂತ ದಿನವನ್ನೇ ಬೇರೆ ಮಾಡಿಕೊಳ್ಳಿ. ಬುಧವಾರ ನಲವತ್ತು ಜನ ಉಂಡರೆ ಶನಿವಾರ ನಾಲ್ಕು ಜನ ಕೂರುತ್ತಾರೆ. ನಿಮ್ಮ ತಂಡದವರ ಮುಖ ಸಪ್ಪಗಾಗುತ್ತದೆ, ಆಗಲಿ. ಬೈಬಲಿನ ಯೋಹಾನ 6ನೇ ಅಧ್ಯಾಯ ಮತ್ತೊಮ್ಮೆ ಓದು: ಐದು ರೊಟ್ಟಿಯ ಊಟ ಒಂದು ದಿನ, ಜೀವದ ರೊಟ್ಟಿಯ ಮಾತು ಮರುದಿನ. ರೊಟ್ಟಿಗಾಗಿ ಹುಡುಕಿಕೊಂಡು ಬಂದಿದ್ದೀರಿ ಎಂದು ಯೇಸುವೇ ಅವರ ಮುಖಕ್ಕೆ ಹೇಳುತ್ತಾನೆ.

ಕಾನೂನೂ ಗೊತ್ತಿರಲಿ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ‘ಆಮಿಷ’ ಎಂಬ ಮಾತಿಗೆ ಉಡುಗೊರೆ, ಹಣ, ಕೆಲಸ ಎಲ್ಲ ಸೇರಿತ್ತು. 2023ರಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಕಥೆ ಏನೇ ಇರಲಿ, ಹೊದಿಕೆಯ ಮಡಿಕೆಯೊಳಗೆ ಕರಪತ್ರ ಇಟ್ಟು ಕೊಡುವುದು ನನ್ನ ಲೆಕ್ಕದಲ್ಲಿ ಆಮಿಷವೇ. ಯಾರಾದರೂ ತಾವಾಗಿ ಸುವಾರ್ತೆಯ ಪುಸ್ತಕ ಕೇಳಿದರೆ ಕೊಡು. ಕೇಳುವವರೆಗೂ ಅದು ಚೀಲದಲ್ಲೇ ಇರಲಿ.

ಇನ್ನು ಜಾಗದ ವಿಷಯ. ಸುಪ್ರೀಂ ಕೋರ್ಟಿನ 2010ರ ಆದೇಶಗಳು, ಆಮೇಲೆ 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ, ಇವುಗಳಿಂದ ಈ ಶೆಲ್ಟರ್‌ಗಳಿಗೆ ಒಂದು ರೂಪ ಬಂತು. ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವಷ್ಟು ಜಾಗ, ತಲೆಗೆ 50 ಚದರ ಅಡಿ ಅನ್ನುತ್ತಿತ್ತು ಅಭಿಯಾನದ ನಿಯಮ. ಐವತ್ತು ಚದರ ಅಡಿ ಅಂದರೆ ನಮ್ಮ ಮನೆಯ ಬಚ್ಚಲುಮನೆಗಿಂತ ಸ್ವಲ್ಪ ದೊಡ್ಡದು. ಅಲ್ಲಿರುವವರಿಗೆ ಆ ಚಾಪೆ, ಗೋಡೆಯ ಮೊಳೆ, ತಲೆಯಡಿಯ ಚೀಲವೇ ಮನೆ. ಚಾಪೆಯ ಮೇಲೆ ಕಾಲಿಟ್ಟರೆ ಹೇಳದೆ ಕೇಳದೆ ಮನೆಯೊಳಗೆ ನುಗ್ಗಿದ ಹಾಗೆ. ‘ಕೂರಲಾ?’ ಎಂದು ಕೇಳಿ, ಚಾಪೆಯ ಪಕ್ಕ ಬರೀ ನೆಲದ ಮೇಲೆ ಕೂರು. ಕುರ್ಚಿ ತಂದುಕೊಟ್ಟರೂ ಬೇಡ ಅನ್ನು. ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇರ್‌ಟೇಕರನ್ನು ಕೇಳು. ಅಲ್ಲಿ ಚಪ್ಪಲಿ ಕಳೆದುಹೋಗುವುದೇ ದಿನದ ದೊಡ್ಡ ಜಗಳ.

ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನೂ ಈ ಶೆಲ್ಟರನ್ನೂ ಒಂದೇ ಅಂದುಕೊಳ್ಳಬೇಡ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವುದು, ಬೀದಿಯಿಂದ ಹಿಡಿದು ತಂದವರೂ ಅಲ್ಲಿರುತ್ತಾರೆ. ಶೆಲ್ಟರಿನಲ್ಲಿ ನಿನ್ನ ಹಾಡು ಹಿಡಿಸದಿದ್ದವರು ಎದ್ದು ಬೀದಿಗೆ ಹೋಗಿ ಟೀ ಕುಡಿಯಬಹುದು. ಮನಸ್ಸು ಬಂದಾಗ ಎದ್ದು ಹೋಗಲಾಗದವರ ಮುಂದೆ ಪ್ರಾರ್ಥನೆಗೆ ನಿಲ್ಲುವುದಾದರೆ ಹತ್ತು ಪಟ್ಟು ಎಚ್ಚರ ಬೇಕು. ಅಲ್ಲಿಗೆ ಈಗಲೇ ಹೋಗುವುದು ಬೇಡ.

ಹೊತ್ತು: 7.30ಕ್ಕೆ ಹೋಗಿ 8.15ಕ್ಕೆ ಎದ್ದುಬಿಡಿ. ಏಳಕ್ಕೆ ಮುಂಚೆ ಬಂದವರು ಕಮ್ಮಿ. ಒಂಬತ್ತಾದ ಮೇಲೆ ನಿದ್ದೆ ಕೆಡಿಸಿದ ಹಾಗೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಬೆಳಗಿನ ಜಾವ ಮೂರಕ್ಕೆಲ್ಲ ಎದ್ದು ಹೊರಡಬೇಕು. ಮದುವೆಮನೆಯಲ್ಲಿ ಬಡಿಸಲು ಹೋದವರು ಮಧ್ಯರಾತ್ರಿ ಬಂದು ಬಿದ್ದುಕೊಳ್ಳುತ್ತಾರೆ, ಅವರಿಗೆ ಶನಿವಾರ ಭಾನುವಾರವೇ ದುಡಿಮೆ. ತಂಡದಲ್ಲಿ ನಾಲ್ಕು ಜನ ಸಾಕು, ಹತ್ತು ಜನ ಹೋದರೆ ಅದು ಮೆರವಣಿಗೆ. ಹೆಂಗಸರ ಶೆಲ್ಟರಿಗೆ ಹೆಂಗಸರು ಮಾತ್ರ. ಮೈಕು, ಡ್ರಮ್ಮು ಬೇಡವೇ ಬೇಡ. ಹಾಲಿನ ನಡುಮಧ್ಯೆ ನಿಲ್ಲಬೇಡಿ, ಒಂದು ಮೂಲೆ ಕೇಳಿಕೊಳ್ಳಿ. ಅಲ್ಲಿ ಹನುಮಂತನ ಪಟ ಇಟ್ಟುಕೊಂಡವರಿರುತ್ತಾರೆ, ನಮಾಜ್ ಮಾಡುವವರಿರುತ್ತಾರೆ, ಏನೂ ಬೇಡವಾದವರೂ ಇರುತ್ತಾರೆ. ಒಂದು ಹಾಡು, ಬೈಬಲಿನ ಒಂದು ಕೀರ್ತನೆ, ಐದು ನಿಮಿಷದ ಮಾತು, ಒಟ್ಟು ಇಪ್ಪತ್ತು ನಿಮಿಷ. ಆಮೇಲಿನ ಇಪ್ಪತ್ತೈದು ನಿಮಿಷ ಒಬ್ಬೊಬ್ಬರ ಪಕ್ಕ ಕೂರಲು. ನಿಜವಾದ ಕೆಲಸ ಅದೇ.

ಯಾವ ಕೀರ್ತನೆ ಅಂತ ಕೇಳುತ್ತೀಯ. ಎಲ್ಲರೂ 23 ಓದುತ್ತಾರೆ, ಓದಲಿ. ಆದರೆ ರಾತ್ರಿಗೆ 4ನೆಯದು ಓದಿ ನೋಡು, ಕೊನೆಯ ವಚನ ಸಮಾಧಾನದಿಂದ ಮಲಗಿ ನಿದ್ದೆ ಮಾಡುವುದರ ಬಗ್ಗೆಯೇ ಇದೆ. ದುಡ್ಡನ್ನು ಒಳಜೇಬಿಗೆ ಹೊಲಿದುಕೊಂಡು, ಒಂದು ಕಿವಿ ತೆರೆದಿಟ್ಟುಕೊಂಡು ಮಲಗುವವರಿಗೆ ಆ ಮಾತಿನ ತೂಕ ನಮಗಿಂತ ಚೆನ್ನಾಗಿ ಗೊತ್ತು. 13, 88 ಎರಡೂ ದೂರಿನ ಕೀರ್ತನೆಗಳು. ನಮ್ಮ ಸಭೆಗಳಲ್ಲಿ ಅವನ್ನು ಯಾರೂ ಓದುವುದೇ ಇಲ್ಲ, ಅಲ್ಲಿ ಧಾರಾಳವಾಗಿ ಓದಬಹುದು. ತಮಿಳು, ತೆಲುಗು, ಹಿಂದಿ ಮಾತಾಡುವವರೂ ಇರುವುದರಿಂದ ಆ ಭಾಷೆ ಬರುವ ಒಬ್ಬರಾದರೂ ತಂಡದಲ್ಲಿರಲಿ.

ಮಾತು ಶುರುಮಾಡುವಾಗ ನಮ್ಮ ಬಾಯಿಗೆ ತಾನಾಗಿ ಬರುವುದು ‘ಊಟ ಆಯ್ತಾ?’ ನಮ್ಮ ಬೀದಿಯಲ್ಲಿ ಅದು ಬರೀ ನಮಸ್ಕಾರ. ಅಲ್ಲಿ ಅದು ನಿಜವಾದ ಪ್ರಶ್ನೆ, ‘ಇಲ್ಲ’ ಅನ್ನುವ ಉತ್ತರ ಬರಬಹುದು. ಬಂದರೆ ಏನು ಮಾಡುತ್ತೀಯ ಅಂತ ಗೊತ್ತಿದ್ದರೆ ಮಾತ್ರ ಕೇಳು. ಹತ್ತಿರದ ಇಂದಿರಾ ಕ್ಯಾಂಟೀನ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಅಂತ ಮೊದಲೇ ವಿಚಾರಿಸಿಟ್ಟುಕೊ. ‘ಮನೆ ಎಲ್ಲಿ?’ ಅನ್ನಬೇಡ. ‘ಯಾವ ಜನ?’ ಅಂತಂತೂ ಅಪ್ಪಿತಪ್ಪಿಯೂ ಬರಬಾರದು, ಅದರರ್ಥ ಜಾತಿ ಯಾವುದು ಅಂತ, ನಿನಗೂ ಗೊತ್ತು. ‘ಇವತ್ತು ಕೆಲಸ ಸಿಕ್ಕಿತಾ?’ ಒಳ್ಳೆಯ ಪ್ರಶ್ನೆ. ಅಪ್ಪನ ವಯಸ್ಸಿನವರನ್ನು ‘ಏನಪ್ಪಾ, ಹೇಗಿದ್ದೀಯ’ ಅನ್ನುವ ಹುಡುಗರನ್ನು ಅಲ್ಲೇ ತಡೆ. ಅಣ್ಣ, ಅಕ್ಕ, ತಾತ, ಅಜ್ಜಿ, ಎಲ್ಲರಿಗೂ ಬಹುವಚನ. ‘ಅಯ್ಯೋ ಪಾಪ’ವೂ ಬೇಡ, ‘ಪಾಪಿ’ಯೂ ಬೇಡ.

ಪ್ರಾರ್ಥನೆಗೆ ಮುಂಚೆ ಎರಡು ಪ್ರಶ್ನೆ: ‘ನಿಮಗೋಸ್ಕರ ಪ್ರಾರ್ಥನೆ ಮಾಡಲಾ?’ ಹೂಂ ಅಂದರೆ, ‘ಏನಂತ ಕೇಳಿಕೊಳ್ಳಲಿ?’ ಯೆರಿಕೋವಿನ ಹತ್ತಿರ ಕುರುಡನನ್ನು ಕೂಡ ಯೇಸು, ಏನು ಮಾಡಬೇಕು ಹೇಳು ಎಂದು ಕೇಳಿದ. ಕಣ್ಣಿಗೆ ಕಾಣುತ್ತಿದ್ದರೂ ಕೇಳಿದ. ನೀನು ಕುಡಿತ ಅಂದುಕೊಂಡಿರುತ್ತೀಯ, ಅವರು ಆಧಾರ್ ಕಾರ್ಡ್ ಕಳೆದಿದೆ ಅನ್ನುತ್ತಾರೆ. ಹಾಗಾದರೆ ಆಧಾರಿಗೇ ಪ್ರಾರ್ಥಿಸು. ‘ದೇವರೇ, ಮಲ್ಲಣ್ಣನವರ ಆಧಾರ್ ಕಾರ್ಡ್ ಕಳೆದುಹೋಗಿದೆ. ಅದಿಲ್ಲದೆ ಕೆಲಸ ಸಿಗುತ್ತಿಲ್ಲ. ದಾರಿ ತೋರಿಸು. ಈ ರಾತ್ರಿ ಒಳ್ಳೆಯ ನಿದ್ದೆ ಕೊಡು. ಯೇಸುವಿನ ಹೆಸರಿನಲ್ಲಿ, ಆಮೆನ್.’ ಅಷ್ಟೇ, ಅರ್ಧ ನಿಮಿಷ. ಅಭಿಷೇಕ, ಬಂಧನ, ಪ್ರಸನ್ನತೆ ಅಂತ ಸಭೆಯ ಭಾಷೆ ಸುರಿಯಬೇಡ. ಅವರು ಹೇಳದ ಒಂದು ಮಾತನ್ನೂ ಸೇರಿಸಬೇಡ. ‘ಕರ್ತನೇ, ಇವರ ಕ್ಷಯರೋಗ ವಾಸಿಮಾಡು’ ಎಂದು ಗಟ್ಟಿಯಾಗಿ ಅಂದರೆ ದೇವರಿಗೆ ಕೇಳಿಸುವ ಮುಂಚೆ ಪಕ್ಕದ ಚಾಪೆಯವರಿಗೆ ಕೇಳಿಸಿರುತ್ತದೆ, ಮರುದಿನ ಅವರ ಹತ್ತಿರ ಯಾರೂ ಮಲಗುವುದಿಲ್ಲ. ತಲೆಯ ಮೇಲೆ ಕೈ ಇಡಬೇಡ. ಅವರಾಗಿ ಕೈ ಚಾಚಿದರೆ ಹಿಡಿದುಕೊ. ಅಪ್ಪನ ಏಟು ತಿಂದು ಮನೆ ಬಿಟ್ಟ ಹುಡುಗಿಗೆ ‘ತಂದೆಯೇ’ ಎಂಬ ಸಂಬೋಧನೆ ಒಳಗೆ ಎಲ್ಲೋ ಚುಚ್ಚಬಹುದು, ‘ದೇವರೇ’ ಅಂದರೂ ಸಾಕಾಗುತ್ತದೆ. ಆಮೆನ್ ಆದ ಮೇಲೆ ಅವರು ಒಪ್ಪಿದರೆ ಆಧಾರ್ ಕೇಂದ್ರಕ್ಕೆ ಜೊತೆಗೆ ಹೋಗುವ ದಿನವನ್ನೂ ಗೊತ್ತುಮಾಡು.

ಈಗ ಕೆಡುವ ಜಾಗಗಳು. ನಾನು ಹೆಚ್ಚು ಹೆದರುವುದು ಕುಡಿತದ ಆಣೆಗೆ. ಹಾಡಿನ ಬಿಸಿಯಲ್ಲಿ ಒಬ್ಬರು ಅಳುತ್ತಾ ‘ಇವತ್ತಿಂದ ಬಿಟ್ಟೆ’ ಅನ್ನುತ್ತಾರೆ, ತಂಡ ಹಲ್ಲೆಲೂಯ ಅನ್ನುತ್ತದೆ, ಮನೆಗೆ ಹೋಗುತ್ತದೆ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. 48ರಿಂದ 72 ಗಂಟೆಯ ಹೊತ್ತಿಗೆ ಇಲ್ಲದ್ದು ಕಾಣುವುದು, ಕೇಳುವುದು, ದಿಕ್ಕು ತಪ್ಪುವುದು. ಅದರಲ್ಲಿ ಜೀವವೇ ಹೋಗಬಹುದು. ಶನಿವಾರ ರಾತ್ರಿ ಆಣೆ ಮಾಡಿಸಿದರೆ ಲೆಕ್ಕ ಹಾಕು, ಸೋಮವಾರ ರಾತ್ರಿ ನಿಮ್ಮಲ್ಲಿ ಯಾರೂ ಅಲ್ಲಿರುವುದಿಲ್ಲ. ಆದ್ದರಿಂದ ಆಣೆ ಬೇಡ. ಬಿಡುವ ಮನಸ್ಸಿದ್ದರೆ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಹಗಲಿನಲ್ಲಿ ಜೊತೆಗೆ ಹೋಗಿ. ನಡುಕದ ಜೊತೆ ಮಾತು ತಪ್ಪುತ್ತಿದ್ದರೆ ತಕ್ಷಣ 108.

ಫಿಟ್ಸ್ ಬಂದರೆ ‘ಬಿಟ್ಟು ಹೋಗು’ ಎಂದು ಕೂಗುವವರನ್ನು ಹೊರಗೆ ಕಳಿಸು, ಅದು ದೆವ್ವವಲ್ಲ. ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ. ತಲೆಯಡಿ ಮೆತ್ತಗಿನ ಬಟ್ಟೆ ಇಟ್ಟು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಸಾಯುವ ಮಾತಾಡಿದವರನ್ನು ಒಂಟಿಯಾಗಿ ಬಿಡಬೇಡ. ‘ಯಾರಿಗೂ ಹೇಳಬೇಡಿ’ ಅಂದರೂ ಕೇರ್‌ಟೇಕರಿಗೆ ಹೇಳಲೇಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿನ ವಿಷಯವಾದರೆ ಮಕ್ಕಳ ಸಹಾಯವಾಣಿ 1098.

ವಾಸಿಯಾಯಿತು ಎಂದು ಯಾರಿಗೂ ಹೇಳಬೇಡ. ಟಿಬಿ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳದ್ದು. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ, ಆಗಲೇ ಯಾರೋ ‘ನಂಬಿಕೆ ಇಡಿ’ ಅನ್ನುತ್ತಾರೆ, ಮಾತ್ರೆ ನಿಲ್ಲುತ್ತದೆ, ಆಮೇಲೆ ಆ ಔಷಧಿಗೆ ಬಗ್ಗದ ಟಿಬಿ ಬರುತ್ತದೆ. ‘ಮಾತ್ರೆ ನುಂಗ್ತಾ ಇರಿ, ನಾನೂ ಪ್ರಾರ್ಥನೆ ಮಾಡ್ತಾ ಇರ್ತೀನಿ’ ಅನ್ನು. ಸಕ್ಕರೆ ಕಾಯಿಲೆಯವರಿಗೆ ಉಪವಾಸ ಪ್ರಾರ್ಥನೆ ಹೇಳಬಾರದು.

ಹೊದಿಕೆ ಡಿಸೆಂಬರಿನಲ್ಲಿ ಎಲ್ಲರೂ ಕೊಡುತ್ತಾರೆ, ಜುಲೈ ಮಳೆಯಲ್ಲಿ ಕೇಳುವವರಿಲ್ಲ. ದಪ್ಪ ಕಂಬಳಿ ಒಗೆಯಲೂ ಆಗದು, ಒಣಗದು. ಹಂಚಿಕೊಂಡು ಹೊದ್ದರೆ ಕಜ್ಜಿ ಹರಡುತ್ತದೆ. ಕಜ್ಜಿಗೆ 5 ಶೇಕಡಾ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಕಾಲಿನ ಬೆರಳಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರಕ್ಕೆ ಮತ್ತೊಮ್ಮೆ. ಒಬ್ಬರು ಹಚ್ಚಿಕೊಂಡು ಪಕ್ಕದ ಹತ್ತು ಜನ ಬಿಟ್ಟರೆ ದಂಡ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರ್ನಾಲ್ಕು ದಿನ ಇಡಿ. ಇದನ್ನು ನೀವೇ ಹಂಚಲು ಹೋಗದೆ ಆರೋಗ್ಯ ಕೇಂದ್ರದವರನ್ನು ಕರೆಸಿ. ಕೊಡುವುದಾದರೆ ಹೊಸ ಒಳಉಡುಪು, ತೆಳು ಟವೆಲ್, 7ರಿಂದ 9ರ ಸೈಜಿನ ಹವಾಯಿ ಚಪ್ಪಲಿ, ಪ್ಯಾಡು, ಸಣ್ಣ ಬೀಗ. ಎಲ್ಲಕ್ಕಿಂತ ಮೇಲು ಎಂಟು ಪ್ಲಗ್ ಹಾಕಬಹುದಾದ ಎಕ್ಸ್‌ಟೆನ್ಷನ್ ಬೋರ್ಡು. ಚಾರ್ಜಿಲ್ಲದ ಫೋನಿಗೆ ನಾಳೆಯ ಕೂಲಿಯ ಕರೆ ಬರುವುದಿಲ್ಲ.

ಬುಧವಾರದ ಊಟ ಚಿಕ್ಕದಾಗಿ ಹೇಳುತ್ತೇನೆ. ನಲವತ್ತು ಜನಕ್ಕೆ ಬಿಸಿಬೇಳೆಬಾತ್ ಆದರೆ ಮೂರೂವರೆ ಕೆಜಿ ಅಕ್ಕಿ, ಒಂದೂಮುಕ್ಕಾಲು ಕೆಜಿ ತೊಗರಿಬೇಳೆ, ಮೂರು ಕೆಜಿ ತರಕಾರಿ. ಹಲ್ಲಿಲ್ಲದವರಿರುತ್ತಾರೆ, ಕಡಲೆಕಾಯಿ ಬೀಜ ಬೇಡ, ತರಕಾರಿ ಮೆತ್ತಗೆ ಬೇಯಲಿ. ಆರಿದರೆ ಗಟ್ಟಿಯಾಗುತ್ತದೆ, ಫ್ಲಾಸ್ಕಿನಲ್ಲಿ ಕುದಿನೀರು ಒಯ್ಯಿರಿ. ತೆಂಗಿನಕಾಯಿ ಚಟ್ನಿ ಒಯ್ಯಬೇಡಿ, ದಾರಿಯಲ್ಲೇ ಹಳಸುತ್ತದೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಬಡಿಸಿ ಮುಗಿಸಿ. ಕೆಟ್ಟ ಅನ್ನವನ್ನು ಮತ್ತೆ ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ಚೌಲ್ಟ್ರಿಯಲ್ಲಿ ಮಿಕ್ಕಿದ್ದನ್ನು ಯಾರು ಕೊಟ್ಟರೂ ಒಪ್ಪಬೇಡಿ. ನಲವತ್ತು ಜನಕ್ಕೆ ಎರಡೋ ಮೂರೋ ಕಕ್ಕಸು ಇರುವ ಕಡೆ ಒಂದು ರಾತ್ರಿ ಹೊಟ್ಟೆ ಕೆಟ್ಟರೆ ಏನಾಗುತ್ತದೆ ನೀನೇ ಯೋಚಿಸು.

ಫೋಟೊ ಬೇಡ. ಊಟದ್ದೂ ಬೇಡ, ಕಣ್ಣು ಮುಚ್ಚಿದವರದ್ದಂತೂ ಬೇಡ. ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಲು ಅವರನ್ನು ಕರೆತರುವ ಮಾತು ಎದ್ದರೆ ನೀನು ಬೇಡ ಅನ್ನು, ಸಭಾಪಾಲಕರು ಬೇಜಾರು ಮಾಡಿಕೊಂಡರೂ ಸರಿ. ದುಡ್ಡು ಕೇಳಿದರೆ ಕೈಗೆ ಕೊಡಬೇಡ, ಒಬ್ಬರಿಗೆ ಕೊಟ್ಟ ಇನ್ನೂರು ರೂಪಾಯಿ ರಾತ್ರಿಯೆಲ್ಲ ಜಗಳವಾಗುತ್ತದೆ. ನಿನ್ನ ನಂಬರ್ ಬೇಡ, ತಂಡಕ್ಕೊಂದು ನಂಬರ್ ಇರಲಿ. ಒಂದು ಪುಟ್ಟ ಪುಸ್ತಕದಲ್ಲಿ ಹೆಸರು, ಕೇಳಿದ ಪ್ರಾರ್ಥನೆ, ತಾರೀಖು ಬರೆದುಕೊ, ಕಾಯಿಲೆ ಬರೆಯಬೇಡ. ಮುಂದಿನ ವಾರ ‘ಆಧಾರ್ ಏನಾಯ್ತು ಮಲ್ಲಣ್ಣ?’ ಅಂತ ಕೇಳಲು ಅದು ಬೇಕು. ಬರಲಾಗದ ವಾರ ಶುಕ್ರವಾರವೇ ಕೇರ್‌ಟೇಕರಿಗೆ ತಿಳಿಸಿ, ಕಾಯುವವರು ಒಬ್ಬರಾದರೂ ಇರುತ್ತಾರೆ.

ಬೀಗ ಆರು ತಂದಿಟ್ಟಿದ್ದೇನೆ, ಎಕ್ಸ್‌ಟೆನ್ಷನ್ ಬೋರ್ಡು ನೀನೇ ತೆಗೆದುಕೊ, ಐಎಸ್‌ಐ ಗುರುತು ನೋಡಿ. ನೀಲಿ ಡಬ್ಬಿಯ ಹುರಿಹಿಟ್ಟು ನಿನಗೆ, ಅಲ್ಲಿಗಲ್ಲ. ಹೊರಡುವ ಮುಂಚೆ ಕಲಸಿಕೊಂಡು ತಿಂದು ಹೋಗು.

ನಿನ್ನ
ಅಮ್ಮ