ಯಾದಗಿರಿಯಲ್ಲಿ ಪಾಠ ಶುರು ಮಾಡಿದ ಮಗಳಿಗೆ

ಕಲಬುರಗಿ

ಯವ್ವಾ, ನಿನ್ನ ಕಾಕಾನ ಆಶೀರ್ವಾದಗಳು.

ಕಾಲೇಜಿನಲ್ಲಿ ಪಾಠ ಶುರು ಮಾಡಿದ್ದೀಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಖುಷಿಯಾಯಿತು. ಆದರೆ ಹುಡುಗರು ಏನೂ ಕೇಳುವುದಿಲ್ಲ, ಸುಮ್ನೆ ಕೂರುತ್ತಾರೆ ಅಂತ ನಿನಗೆ ಬೇಜಾರಂತೆ. ಅದಕ್ಕೇ ಈ ಪತ್ರ. ಪಾಠದ ವಿಷಯ ನನಗೆ ತಿಳಿಯದು. ಆದರೆ ಕಾಲೇಜು ಆಫೀಸಿನ ಕಿಟಕಿಯೊಳಗೆ ಗುಮಾಸ್ತನಾಗಿ ಕೂತು ಅಂಥ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದವನು ಸಾಲಿನಲ್ಲೇ ಗೊತ್ತಾಗುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಎಲ್ಲದರ ಝೆರಾಕ್ಸ್. ಸರದಿ ಬಂತು ಅನ್ನುವಾಗ ಹಿಂದಿನವನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಏನು ಕೇಳಬೇಕು ಅನ್ನೋದೇ ಅವನಿಗೆ ತಿಳಿದಿರುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಅಂದ್ರೇನು, ಒಂದು ಪೇಪರ್ ಉಳಿದರೆ ಮುಂದೇನು, ಇದನ್ನೆಲ್ಲ ನಿನಗೆ ನಿಮ್ಮಣ್ಣ ಊಟ ಮಾಡುತ್ತಲೇ ಹೇಳಿಕೊಟ್ಟಿದ್ದ, ಅಲ್ವಾ? ಆ ಹುಡುಗನಿಗೆ ಯಾರು ಹೇಳಬೇಕು?

'ಡೌಟ್ ಇದ್ರೆ ಕೇಳಿ' ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಕೇಳುವ ಮೊದಲೇ ಹೇಳಿಬಿಡು. ಮೊದಲ ವಾರ ಸಿಲೆಬಸ್ ಸ್ವಲ್ಪ ಹಿಂದೆ ಬಿದ್ದರೂ ಪರವಾಗಿಲ್ಲ.

ಸ್ಕಾಲರ್‌ಶಿಪ್ ವಿಷಯ ಅವರ ಪಾಡಿಗೆ ಬಿಡಬೇಡ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ, ಅರ್ಜಿ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ದುಡ್ಡು ಬರೋದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಅದೇ ಆಗಿರುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಮಲ್ಲಿಕಾರ್ಜುನ, ಆಧಾರ್‌ನಲ್ಲಿ ಮಲ್ಲಪ್ಪ, ಅಷ್ಟಕ್ಕೇ ಅರ್ಜಿ ನಿಲ್ಲುತ್ತದೆ. ಹೆಸರು ತಿದ್ದಿಸಲು ಓಡಾಡುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ. ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ ಅಂತ ಶುರುವಿನಲ್ಲೇ ಹೇಳು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಇದೆ, ಅದೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371 ಜೆ ವಿಧಿಯ ಸರ್ಟಿಫಿಕೇಟ್ ಕೂಡ ಹಾಗೇ. 2013ರಲ್ಲಿ ಜಾರಿಗೆ ಬಂದ ಸೌಲಭ್ಯ, ನಮ್ಮ ಭಾಗದ ಮಕ್ಕಳಿಗೆ ಸೀಟಿಗೂ ನೌಕರಿಗೂ ಬೇಕು. ನೌಕರಿ ಅರ್ಜಿ ಹಾಕುವ ಹಿಂದಿನ ದಿನ ಸಹಾಯಕ ಆಯುಕ್ತರ ಕಚೇರಿಗೆ ಓಡಿದರೆ ಸಿಗುತ್ತದಾ?

ಹತ್ತಿ ಬಿಡಿಸುವಾಗ, ತೊಗರಿ ರಾಶಿಯ ಕಾಲಕ್ಕೆ ಬೆಂಚುಗಳು ಖಾಲಿ ಬೀಳುತ್ತವೆ. ಹೆಣ್ಣುಮಕ್ಕಳದ್ದೇ ಜಾಸ್ತಿ. ಮರಳಿ ಬಂದವಳಿಗೆ ಎಲ್ಲರೆದುರು 'ಎಲ್ಲಿ ಹೋಗಿದ್ದೆ?' ಅಂದರೆ ಮತ್ತೆ ಬರುವುದಿಲ್ಲ. ಹಾಜರಿ ಎಷ್ಟು ಕಡಿಮೆ ಇದೆ ಅಂತ ಬೇರೆಯಾಗಿ ಕರೆದು ಹೇಳು, ನೋಟ್ಸ್ ಯಾರ ಹತ್ತಿರ ಸಿಗುತ್ತದೆ ಅಂತ ತೋರಿಸು. ಅವರ ಬಡತನದ ಬಗ್ಗೆ ಭಾಷಣ ಮಾತ್ರ ಬೇಡ, ಅದು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು.

ಎಸ್‌ಎಸ್‌ಪಿ ಶುರುವಾದಾಗ ಹೇಳು. ನಿಮ್ಮ ಪ್ರಿನ್ಸಿಪಾಲರು ಒಪ್ಪಿದರೆ ಎರಡು ದಿನ ಬಂದು ಹುಡುಗರ ಕಾಗದಪತ್ರ ನೋಡಿಕೊಡುತ್ತೇನೆ. ಕಿಟಕಿ ಇಲ್ಲದ ಕಡೆ, ಬಯಲಲ್ಲಿ ಒಂದು ಟೇಬಲ್ ಹಾಕಿಸಿದರೆ ಸಾಕು.

ನಿನ್ನ ಕಾಕಾ