ಮಂಜಿನಲ್ಲಿ ದಾರಿ ಕಾಣದಿದ್ದರೂ ಎಚ್ಚರಿಸದ ಕಾರಿನ ಅಡಾಸ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಅಡಾಸ್, ಅಂದರೆ ಕ್ಯಾಮೆರಾದಿಂದ ರಸ್ತೆ ನೋಡಿ ಸ್ಟೇರಿಂಗ್ ಹಿಡಿಯಲು ಚಾಲಕನಿಗೆ ನೆರವಾಗುವ ವ್ಯವಸ್ಥೆ, ಇದೆ ಅಂತಲೇ ಜಾಸ್ತಿ ಹಣ ಕೊಟ್ಟು ನಿಮ್ಮ ಕಾರು ಕೊಂಡವನು ನಾನು. ಜುಲೈನಲ್ಲಿ ಮನೆಯವರ ಜೊತೆ ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ದಟ್ಟ ಮಂಜು, ಜೊತೆಗೆ ಮಳೆ. ರಸ್ತೆಯ ಬಿಳಿ ಗೆರೆ ಅಲ್ಲಲ್ಲಿ ಅಳಿಸಿಹೋಗಿತ್ತು. ಒಂದು ತಿರುವಿನಲ್ಲಿ ಸ್ಟೇರಿಂಗ್ ತಾನಾಗಿಯೇ ತಡೆಗೋಡೆ ಕಡೆಗೆ ಎಳೆಯಿತು. ಟಾರು ತೇಪೆಯ ಅಂಚನ್ನೇ ಲೇನ್ ಗೆರೆ ಅಂದುಕೊಂಡಿತೋ ಏನೋ. ಬಿಗಿಯಾಗಿ ಹಿಡಿದಿದ್ದರಿಂದ ಬಚಾವಾದೆವು. ಹಿಂದೆ ಕೂತಿದ್ದ ಅಮ್ಮ ಕಿರುಚಿಕೊಂಡರು. ಅಷ್ಟಾದರೂ ಅಡಾಸ್ ಸರಿಯಾಗಿದೆ ಎನ್ನುವ ಹಸಿರು ಗುರುತು ಪರದೆಯ ಮೇಲೆ ಹಾಗೇ ಇತ್ತು. ಒಂದು ಬೀಪ್ ಕೂಡ ಬರಲಿಲ್ಲ.

ನಿಮ್ಮ ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿ ನೋಡಿ, "ಎರರ್ ಕೋಡ್ ಏನೂ ಇಲ್ಲ ಸರ್, ಎಲ್ಲಾ ನಾರ್ಮಲ್" ಎಂದರು. ನನ್ನ ದೂರೇ ಅದು. ವೈರ್ ಕಿತ್ತರೆ, ಕ್ಯಾಮೆರಾ ಕೆಟ್ಟರೆ ಕೋಡ್ ಬರುತ್ತದೆ. ಕ್ಯಾಮೆರಾ ಚೆನ್ನಾಗೇ ಇದ್ದು, ಕಂಡಿದ್ದನ್ನು ಸಾಫ್ಟ್‌ವೇರ್ ತಪ್ಪಾಗಿ ತಿಳಿದುಕೊಂಡರೆ ಯಾವ ಕೋಡ್ ಬರುತ್ತದೆ? ಚಿತ್ರ ತೋರಿಸಿ ಕಲಿಸಿದ ಇಂಥ ಸಾಫ್ಟ್‌ವೇರ್, ಎಂದೂ ನೋಡದ ದೃಶ್ಯ ಎದುರಾದರೂ ತಾನಾಗಿ 'ಗೊತ್ತಿಲ್ಲ' ಎನ್ನುವುದಿಲ್ಲ. ಕಲಿತದ್ದರಲ್ಲೇ ಒಂದನ್ನು ಆರಿಸಿ, ಎಷ್ಟೋ ಸಲ ಪೂರ್ತಿ ಖಾತರಿಯಿಂದ ಹೇಳಿಬಿಡುತ್ತದೆ. ಅದಕ್ಕೇ ಅದರ ಮೇಲೆ ಕಣ್ಣಿಡುವ ಇನ್ನೊಂದು ವ್ಯವಸ್ಥೆ ಬೇಕು, ಅಲ್ವಾ?

2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪೆ ನಗರದಲ್ಲಿ ಉಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು ಡಿಕ್ಕಿ ಹೊಡೆದು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆ ತೀರಿಕೊಂಡರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ತನಿಖಾ ವರದಿಯನ್ನು ನಿಮ್ಮ ಎಂಜಿನಿಯರುಗಳು ಓದಿರಲೇಬೇಕು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಾರು ಅವರನ್ನು ಗಮನಿಸಿತ್ತು. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಅಂತ ಬದಲಾಯಿಸುತ್ತಲೇ ಇತ್ತು. ಕ್ರಾಸಿಂಗ್ ಇಲ್ಲದ ಕಡೆ ಜನ ದಾಟುತ್ತಾರೆ ಎಂಬುದು ಅದರ ಲೆಕ್ಕದಲ್ಲೇ ಇರಲಿಲ್ಲ. ನಮ್ಮೂರಲ್ಲಿ ಎಲ್ಲರೂ ಹಾಗೇ ದಾಟುವುದು.

ನಮ್ಮ ರಸ್ತೆಗಳು ಬೇರೆ ಎಂಬುದು ನಿಮಗೆ ಹೊಸ ವಿಷಯವೇನಲ್ಲ. ಹೈದರಾಬಾದಿನ ಐಐಐಟಿ ಸಂಸ್ಥೆ ತಾನೇ ಮುಂದಾಗಿ ಹೈದರಾಬಾದ್, ಬೆಂಗಳೂರು ಕಡೆಯ ರಸ್ತೆಗಳ ಚಿತ್ರ ಕೂಡಿಸಿ, ಇಂಥ ಸಾಫ್ಟ್‌ವೇರ್‌ಗೆ ಕಲಿಸಲು 'ಇಂಡಿಯಾ ಡ್ರೈವಿಂಗ್ ಡೇಟಾಸೆಟ್' ಎಂಬ ಚಿತ್ರಸಂಗ್ರಹ ಮಾಡಿತು. ಅದರಲ್ಲಿ ಆಟೋ, ಪ್ರಾಣಿ, ರಸ್ತೆ ಪಕ್ಕದ ಮಣ್ಣು ಎಲ್ಲಕ್ಕೂ ಬೇರೆ ಬೇರೆ ಗುರುತು ಇದೆ. ನೀವು ಘಾಟಿಯ ಮಂಜಿನಲ್ಲಿ ಈ ಕಾರನ್ನು ಪರೀಕ್ಷಿಸಿದ್ದೀರಾ? ಲಿಖಿತವಾಗಿ ತಿಳಿಸಿ.

ಕೆಟ್ಟ ಹವಾಮಾನದಲ್ಲಿ ಕೆಲಸ ಮಾಡದಿರಬಹುದು ಅಂತ ಕೈಪಿಡಿಯಲ್ಲಿ ಸುಮ್ನೆ ಒಂದು ಸಾಲು ಬರೆದರೆ ಸಾಲದು. ಗೆರೆ ಸರಿಯಾಗಿ ಕಾಣದಾದಾಗ ಕಾರೇ ಮೊದಲು ಎಚ್ಚರಿಸಬೇಕು, ಆಮೇಲೆ ಸ್ಟೇರಿಂಗ್ ಬಿಟ್ಟುಕೊಡಬೇಕು. ಆ ದಿನದ ದಾಖಲೆ ಕಾರಿನಲ್ಲೋ ನಿಮ್ಮ ಸರ್ವರ್‌ನಲ್ಲೋ ಇದ್ದರೆ ನನಗೂ ಒಂದು ಪ್ರತಿ ಕೊಡಿ. ಇಂಥದ್ದು ನಡೆದಾಗ ಏನನ್ನೂ ಉಳಿಸಿಕೊಳ್ಳುವುದಿಲ್ಲ ಎಂದಾದರೆ, ಮುಂದಿನ ತಪ್ಪನ್ನು ಹೇಗೆ ತಿದ್ದುತ್ತೀರಿ?

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಮೂಡಿಗೆರೆ