ಕಾರು ನಿಲ್ಲಿಸಿ, ಫ್ರೆಡರಿಕ್ ನೋಡಿ

ಎಲ್ಲರಿಗೂ ನಮಸ್ಕಾರ.

ಊರಿಂದ ಅಪ್ಪ ಅಮ್ಮ ಬಂದ ಮೊದಲ ವಾರ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಪ್ರಶ್ನೆ ಶುರು: "ಇಲ್ಲಿ ರಸ್ತೇಲಿ ಜನಾನೇ ಇಲ್ವಲ್ಲ?" ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ನಮ್ಮ ಬಡಾವಣೆಗಳಲ್ಲಿ ಮನೆ ದೊಡ್ಡದು, ಗ್ಯಾರೇಜು ಇನ್ನೂ ದೊಡ್ಡದು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕು. ಅವರಿಗೆ ವಾಷಿಂಗ್ಟನ್ನಿನ ಸ್ಮಾರಕಗಳನ್ನು ಒಂದು ಸಲ ತೋರಿಸಿದರೆ ಸಾಕು. ಪದೇ ಪದೇ ಕರೆದುಕೊಂಡು ಹೋಗಬೇಕಾದ್ದು ಇದೇ ರಾಜ್ಯದ ಫ್ರೆಡರಿಕ್ ಊರಿನ ಪೇಟೆಗೆ ಅನ್ನುವುದು ನನ್ನ ವಾದ.

1745ರಲ್ಲಿ ಹುಟ್ಟಿದ ಊರು ಅದು. ಜರ್ಮನ್ ವಲಸಿಗರು ಬಹಳ ಮಂದಿ ಬಂದು ನೆಲೆಸಿದರು. ಮಾರ್ಕೆಟ್ ಸ್ಟ್ರೀಟ್, ಪ್ಯಾಟ್ರಿಕ್ ಸ್ಟ್ರೀಟ್ ಕೂಡುವ ಚೌಕದಲ್ಲಿ ನಿಂತರೆ ನೋಡಬೇಕಾದ್ದೆಲ್ಲ ಕಾಲ್ನಡಿಗೆಯ ದೂರದಲ್ಲೇ ಇದೆ. ಇಟ್ಟಿಗೆ ಕಟ್ಟಡಗಳು, ಚರ್ಚುಗಳ ಚೂಪು ಗೋಪುರಗಳು. ನಮ್ಮ ಹಳೇ ಪೇಟೆ ಬೀದಿಗಳ ಹಾಗೆ ಎಷ್ಟೋ ಕಡೆ ಕೆಳಗೆ ಅಂಗಡಿ, ಮೇಲೆ ಮನೆ. ಹಾಗಾಗಿ ಅಂಗಡಿ ಮುಚ್ಚಿದ ಮೇಲೂ ಬೀದಿ ಬಿಕೋ ಅನ್ನುವುದಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಅಲ್ಲಿನ ತೊರೆ, ಕ್ಯಾರಲ್ ಕ್ರೀಕ್. ಇವತ್ತು ದಡದಲ್ಲಿ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಾರೆ, ಬೇಸಿಗೆಯಲ್ಲಿ ನೀರಿನ ತುಂಬಾ ನೈದಿಲೆ. ಆದರೆ 1972ರಲ್ಲಿ, ಮತ್ತೆ 1976ರಲ್ಲಿ ಇದೇ ತೊರೆ ಉಕ್ಕಿ ಪೇಟೆಗೆ ನುಗ್ಗಿತ್ತು. 1926ರಲ್ಲಿ ಟಿವೊಲಿ ಅನ್ನುವ ಹೆಸರಲ್ಲಿ ಶುರುವಾದ ಚಿತ್ರಮಂದಿರದೊಳಗೂ ನೀರು ತುಂಬಿತು. ಈಗಿನ ವೈನ್‌ಬರ್ಗ್ ಸೆಂಟರ್ ಅನ್ನುವ ರಂಗಮಂದಿರ ಅದೇ. ಊರಿನವರು ಎತ್ತರದ ಗೋಡೆ ಕಟ್ಟಿ, ಬೇಲಿ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರವಾಹದ ನೀರು ಹೋಗಲು ನೆಲದಡಿ ದೊಡ್ಡ ಕಾಂಕ್ರೀಟ್ ಕಾಲುವೆಗಳನ್ನು ಹಾಕಿದರು. ಮೇಲೆ ಸಣ್ಣ ಹರಿವನ್ನು ಉಳಿಸಿಕೊಂಡು, ಎರಡೂ ಕಡೆ ನಡೆಯುವವರಿಗೆ ಜಾಗ ಬಿಟ್ಟರು. ಇದಕ್ಕೆ ದಶಕಗಳೇ ಹಿಡಿದವು. ಬೆಂಗಳೂರಿನ ರಾಜಕಾಲುವೆಗಳ ಸುದ್ದಿ ಓದುವವರಿಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಅಲ್ವಾ?

ತೊರೆಯ ಮೇಲೊಂದು ಸೇತುವೆ. ಹಳೇ ಕಲ್ಲಿನ ಸೇತುವೆ, ಬಳ್ಳಿ ಹಬ್ಬಿದೆ ಅಂದುಕೊಳ್ಳುತ್ತೀರಿ. ಹತ್ತಿರ ಹೋಗಿ ಮುಟ್ಟಿ. ಕಲ್ಲೂ ಇಲ್ಲ, ಬಳ್ಳಿಯೂ ಇಲ್ಲ. ಬರೀ ಕಾಂಕ್ರೀಟಿನ ಮೇಲೆ ಬಣ್ಣ! ವಿಲಿಯಂ ಕಾಕ್ರನ್ ಎಂಬ ಕಲಾವಿದ 1990ರ ದಶಕದಲ್ಲಿ ಬರೆದದ್ದು. ಬರೆಯುವ ಮೊದಲು ಜನರನ್ನು ಕೇಳಿದರಂತೆ: ಒಗ್ಗಟ್ಟು ಅಂದರೆ ನಿಮ್ಮ ಕಣ್ಣಿಗೆ ಬರುವ ವಸ್ತು ಯಾವುದು? ಬಂದ ಸಾವಿರಾರು ಉತ್ತರಗಳಲ್ಲಿ ಹಲವನ್ನು ಆ 'ಕಲ್ಲು'ಗಳ ಮೇಲೆ ಕೆತ್ತನೆಯ ಹಾಗೆ ಬಿಡಿಸಿದ್ದಾರೆ. ಮೇಲಿನ ರಸ್ತೆಯಲ್ಲಿ ಕಾರಲ್ಲಿ ಹೋಗುವವರಿಗೆ ಇದೇನೂ ಕಾಣುವುದಿಲ್ಲ.

ಇತಿಹಾಸದ ರುಚಿ ಇರುವವರು ಪ್ಯಾಟ್ರಿಕ್ ಸ್ಟ್ರೀಟಿನಲ್ಲಿರುವ, ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ವೈದ್ಯಕೀಯ ಮ್ಯೂಸಿಯಂ ನೋಡಿ. 1862ರ ಆಂಟೀಟಮ್ ಕಾಳಗದ ಗಾಯಾಳುಗಳು ಬಂದಾಗ ಇಲ್ಲಿನ ಚರ್ಚುಗಳೇ ಆಸ್ಪತ್ರೆಗಳಾದವು. 1864ರಲ್ಲಿ ದಕ್ಷಿಣದ ಸೇನಾಪತಿ ಜುಬಲ್ ಅರ್ಲಿ 2 ಲಕ್ಷ ಡಾಲರ್ ಕೇಳಿದ, ಕೊಡದಿದ್ದರೆ ಊರಿಗೆ ಬೆಂಕಿ ಎಂದ. ಬ್ಯಾಂಕುಗಳು ಹಣ ಕೊಟ್ಟವು. ಊರು ಆ ಸಾಲ ತೀರಿಸಿ ಮುಗಿಸಿದ್ದು 1951ರಲ್ಲಿ!

ಹೋಗುವುದಾದರೆ ತಿಂಗಳ ಮೊದಲ ಶನಿವಾರ ಹೋಗಿ. ಅವತ್ತು ಅಂಗಡಿಗಳು ತಡವಾಗಿ ಮುಚ್ಚುತ್ತವೆ, ಬೀದಿಯಲ್ಲಿ ಹಾಡು, ಗದ್ದಲ ಜಾಸ್ತಿ. ಹಿರಿಯರಿಗೆ ಗದ್ದಲ ಬೇಡ ಅಂದರೆ ತೊರೆಯ ಗುಂಟ ಬೇಕರ್ ಪಾರ್ಕ್ ಕಡೆ ನಡೆಯಬಹುದು. ದಾರಿ ಸಮತಟ್ಟಾಗಿದೆ, ಮಂಡಿನೋವಿನವರಿಗೂ ಕಷ್ಟವಿಲ್ಲ. ಕಾರನ್ನು ಅಲ್ಲಿನ ಸಾರ್ವಜನಿಕ ಪಾರ್ಕಿಂಗ್ ಗ್ಯಾರೇಜಿನಲ್ಲೇ ನಿಲ್ಲಿಸಿ. ಬೀದಿಯಲ್ಲಿ ಜಾಗ ಹುಡುಕುತ್ತಾ ಸುಮ್ನೆ ಸುತ್ತಬೇಡಿ.